ಬಾನುಲಿಯ ಮೊದಲ ಸಂಜೆ: ಕೇಳಿದವರು ಯಾರು?

ರೇಡಿಯೋದ ಚರಿತ್ರೆಯನ್ನು ನಿರೂಪಿಸುವ ಪುಸ್ತಕಗಳಲ್ಲಿ ಒಂದು ಸಂಜೆಯ ವರ್ಣನೆ ತಪ್ಪದೆ ಬರುತ್ತದೆ. 1906ನೆಯ ಇಸವಿ ಡಿಸೆಂಬರ್ 24, ಸೋಮವಾರ. ಕ್ರಿಸ್‌ಮಸ್ ಹಬ್ಬದ ಮುನ್ನಾ ದಿನ. ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ಪ್ರಾಂತದ ಕಡಲ ತೀರದಲ್ಲಿ ಬ್ರಾಂಟ್ ರಾಕ್ ಎಂಬ ಸಣ್ಣ ಊರು. ಅಲ್ಲಿ 420 ಅಡಿ ಎತ್ತರದ ಉಕ್ಕಿನ ಸ್ತಂಭವೊಂದರ ಬಳಿಯ ಪ್ರಯೋಗ ಕೇಂದ್ರದಲ್ಲಿ, ಕೆನಡಾ ದೇಶದಲ್ಲಿ ಹುಟ್ಟಿದ ರೆಜಿನಾಲ್ಡ್ ಫೆಸೆಂಡೆನ್ ಎಂಬ ನಲವತ್ತು ವರ್ಷದ ವಿಜ್ಞಾನಿ ಮೈಕ್ರೊಫೋನಿನ ಮುಂದೆ ನಿಂತರು. ಮೊದಲು ಅಂದಿನ ಕಾರ್ಯಕ್ರಮವೇನೆಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಿದರು. ಅನಂತರ ಫೋನೋಗ್ರಾಫ್ ಯಂತ್ರದಿಂದ ಹ್ಯಾಂಡೆಲ್ ಎಂಬ ಸಂಗೀತಕಾರನ ‘ಲಾರ್ಗೋ’ ಕೃತಿಯನ್ನು ನುಡಿಸಿದರು. ಅದು ಮುಗಿದ ಬಳಿಕ ತಾವೇ ಪಿಟೀಲನ್ನು ಕೈಗೆತ್ತಿಕೊಂಡು ಒಂದು ಭಕ್ತಿಗೀತೆಯನ್ನು ಬಾರಿಸಿ, ಅದರ ಒಂದು ನುಡಿಯನ್ನು ಹಾಡಿಯೂ ಹಾಡಿದರು. ಆಮೇಲೆ ಬೈಬಲಿನಿಂದ ವಾಚನವಾಯಿತು. ಕಡೆಗೆ ಎಲ್ಲರಿಗೂ ಹಬ್ಬದ ಶುಭಾಶಯವನ್ನು ಹೇಳಿ, ಡಿಸೆಂಬರ್ 31ರ ಸಂಜೆ ಪುನಃ ಪ್ರಸಾರ ಮಾಡುವುದಾಗಿ ತಿಳಿಸಿ ಮುಗಿಸಿದರು.

ಅದೇ ವೇಳೆಯಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಹೋಗುತ್ತಿದ್ದ ಹಡಗುಗಳಲ್ಲಿ ನಿಸ್ತಂತು ಚಾಲಕರು ಕಿವಿಗೆ ಟೆಲಿಫೋನುಗಳನ್ನು ಧರಿಸಿ ಕುಳಿತಿದ್ದರಂತೆ. ಮೋರ್ಸ್ ಸಂಕೇತದ ಚುಕ್ಕೆ ಗೆರೆಗಳ ಗರಗರ ಸದ್ದನ್ನಲ್ಲದೆ ಬೇರೆ ಯಾವುದನ್ನೂ ಕೇಳಿ ಅಭ್ಯಾಸವಿಲ್ಲದ ಆ ಕಿವಿಗಳಲ್ಲಿ ಇದ್ದಕ್ಕಿದ್ದಂತೆ ಮನುಷ್ಯ ಧ್ವನಿ ಮೂಡಿತಂತೆ, ಪಿಟೀಲು ಹಾಡಿತಂತೆ. ಅವರು ಬೆರಗಾಗಿ ಹಡಗಿನ ಅಧಿಕಾರಿಗಳನ್ನು ಕೂಗಿ ಕರೆದರಂತೆ.

ಈ ಕಥೆಯನ್ನು ನಾವೂ ಹಲವು ವರ್ಷ ತರಗತಿಯಲ್ಲಿ ಹೇಳಿದ್ದೇವೆ. ವಿದ್ಯುತ್ಕಾಂತ ತರಂಗಗಳ ಪಾಠವು ಸಮೀಕರಣಗಳ ಭಾರದಿಂದ ಬಳಲುವ ಮಧ್ಯಾಹ್ನದ ಹೊತ್ತಿನಲ್ಲಿ ಅದು ತಂಗಾಳಿಯಂತೆ ಒದಗುತ್ತದೆ. ‘ಅಂತೆ’ಗಳನ್ನೆಲ್ಲ ಬಿಟ್ಟು, ಕಣ್ಣಾರೆ ಕಂಡವರಂತೆಯೇ ಹೇಳುತ್ತಿದ್ದೆವು. ಒಮ್ಮೆ ಹೀಗೆ ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಹಡಗಿನವರು ಬೆರಗಾದರು ಎಂದಿರಲ್ಲ ಸಾರ್, ಅವರು ಹಾಗೆಂದು ಎಲ್ಲಿಯಾದರೂ ಬರೆದಿಟ್ಟಿದ್ದಾರೆಯೆ?” ಎಂದಳು. “ಪುಸ್ತಕದಲ್ಲಿದೆಯಮ್ಮ” ಎಂದೆವು. “ಪುಸ್ತಕ ಬರೆದವರಿಗೆ ಯಾರು ಹೇಳಿದರು ಸಾರ್?” ಎಂದಳು. ಅಷ್ಟರಲ್ಲಿ ಗಂಟೆ ಬಾರಿಸಿತು, ನಾವು ಬದುಕಿಕೊಂಡೆವು. ಆದರೆ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ಕನ್ನಡದಲ್ಲಿ ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ‘ಕೇಳು’ ಎಂಬ ಒಂದೇ ಕ್ರಿಯಾಪದ ಸಾಕಾಗುತ್ತದೆ. ಆ ಹುಡುಗಿ ಎರಡನ್ನೂ ಮಾಡಿದ್ದಳು. ನಾವು ಒಂದನ್ನೇ ಮಾಡಿದ್ದೆವು.

ಈ ಲೇಖನದಲ್ಲಿ ನಾವು ಪ್ರತಿಪಾದಿಸಬೇಕೆಂದಿರುವ ಅಭಿಪ್ರಾಯ ಆ ಪ್ರಶ್ನೆಯಿಂದಲೇ ಹುಟ್ಟಿದುದು. ಆದರೆ ಅಂಥ ಒಂದು ಸಂಜೆ ನಡೆದಿರಬಹುದೆ ಎಂಬುದನ್ನು ವಿಚಾರಿಸುವ ಮೊದಲು, ಅದು ನಡೆಯಬೇಕಾದರೆ ಯಾವ ಯಾವ ಸಾಧನಗಳು ಅಗತ್ಯವಾಗಿದ್ದವು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

1906ರ ವೇಳೆಗೆ ನಿಸ್ತಂತು ಸಂದೇಶವೇನೂ ಹೊಸದಾಗಿರಲಿಲ್ಲ. ಆದರೆ ಆಗಿನ ಪ್ರೇಷಕ ಯಂತ್ರಗಳು ಬಹುಮಟ್ಟಿಗೆ ವಿದ್ಯುತ್ಕಿಡಿಯನ್ನು ಅವಲಂಬಿಸಿದ್ದವು. ಎರಡು ಲೋಹದ ಗುಂಡುಗಳ ನಡುವೆ ಕಿಡಿ ಹಾರಿದಾಗಲೆಲ್ಲ ಏರಿಯಲ್ಲಿನಿಂದ ತರಂಗಗಳ ಒಂದು ಗುಂಪು ಹೊರಡುತ್ತದೆ. ಹೊರಟ ಕ್ಷಣವೇ ಕುಗ್ಗತೊಡಗಿ ನಂದಿಹೋಗುತ್ತದೆ. ಮೃದಂಗದ ಮೇಲೆ ಬಿದ್ದ ಪೆಟ್ಟಿನ ನಾದದಂತೆ ಅದು. ಪೆಟ್ಟುಗಳನ್ನು ಎಣಿಸಿ ಚುಕ್ಕೆ ಗೆರೆಗಳ ಸಂಕೇತವನ್ನು ಕಳುಹಿಸಬಹುದು. ಆದರೆ ಮಾತನ್ನು ಕಳುಹಿಸುವುದು ಕಷ್ಟ. ಮಾತನ್ನು ಹೊರಲು ತಂಬೂರಿಯ ಶ್ರುತಿಯಂತೆ ಎಡೆಬಿಡದೆ ಒಂದೇ ಸಮನಾಗಿ ಹರಿಯುವ ತರಂಗ ಬೇಕು. ಅದನ್ನೇ ವಾಹಕ ತರಂಗವೆನ್ನುತ್ತಾರೆ. ಶ್ರುತಿಪೆಟ್ಟಿಗೆಯ ತಿದಿಯನ್ನು ಒಮ್ಮೆ ಬಲವಾಗಿ, ಒಮ್ಮೆ ಮೆಲ್ಲಗೆ ಒತ್ತಿದರೆ ಶ್ರುತಿ ಬದಲಾಗುವುದಿಲ್ಲ. ನಾದದ ಪ್ರಮಾಣ ಮಾತ್ರ ಏರಿಳಿಯುತ್ತದೆ. ಹಾಗೆಯೇ ವಾಹಕ ತರಂಗದ ಆವೃತ್ತಿಯನ್ನು ಹಾಗೆಯೇ ಉಳಿಸಿ, ಅದರ ಪಾರವನ್ನು, ಎಂದರೆ ಏರಿಳಿತದ ಪ್ರಮಾಣವನ್ನು, ಮಾತಿನ ಕಂಪನಕ್ಕೆ ಅನುಗುಣವಾಗಿ ಹೆಚ್ಚಿಸಿ ಕುಗ್ಗಿಸಿದರೆ ಆ ತರಂಗ ಮಾತನ್ನು ಹೊತ್ತುಕೊಂಡು ಹೋಗುತ್ತದೆ.

ಈ ತತ್ತ್ವವನ್ನು ಸ್ಪಷ್ಟವಾಗಿ ಕಂಡವರಲ್ಲಿ ಫೆಸೆಂಡೆನ್ ಅಗ್ರಗಣ್ಯರು. 1900ನೆಯ ಇಸವಿ ಡಿಸೆಂಬರ್ 23ರಂದು ಮೇರಿಲ್ಯಾಂಡ್ ಪ್ರಾಂತದ ಕಾಬ್ ದ್ವೀಪದಲ್ಲಿ, ಕಿಡಿಗಳನ್ನೇ ಅತಿ ಶೀಘ್ರವಾಗಿ ಹಾರಿಸಿ, ಸುಮಾರು ಒಂದು ಮೈಲಿ ದೂರದಲ್ಲಿದ್ದ ತಮ್ಮ ಸಹಾಯಕನಿಗೆ ಅವರು ಮಾತನ್ನು ಮುಟ್ಟಿಸಿದ್ದರು. ಮಾತು ಕೇಳಿಸಿತು, ಆದರೆ ಅದರ ಜೊತೆಗೆ ಕಿಡಿಯ ಗದ್ದಲವೂ ಕೇಳಿಸಿತು. ಗದ್ದಲವಿಲ್ಲದ ಮಾತಿಗೆ ನಿಜವಾದ ಅವಿಚ್ಛಿನ್ನ ತರಂಗವೇ ಬೇಕೆಂಬುದು ಅವರಿಗೆ ಮನದಟ್ಟಾಯಿತು.

ಅಂಥ ತರಂಗವನ್ನು ಹುಟ್ಟಿಸಲು ಅವರು ಆರಿಸಿಕೊಂಡ ಸಾಧನ ವಿದ್ಯುಜ್ಜನಕ ಯಂತ್ರ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಫೆಸೆಂಡೆನ್ ಬಯಸಿದ್ದು ಇದರ ಸಾವಿರ ಪಟ್ಟು, ಎಂದರೆ ಸೆಕೆಂಡಿಗೆ 50,000 ಆವರ್ತಗಳನ್ನು. ಯಂತ್ರವನ್ನು ಸಾವಿರ ಪಟ್ಟು ವೇಗವಾಗಿ ತಿರುಗಿಸಲು ಸಾಧ್ಯವಿಲ್ಲ; ಚಕ್ರ ಸಿಡಿದು ಚೂರಾಗುತ್ತದೆ. ಆದ್ದರಿಂದ ಚಕ್ರದ ಅಂಚಿನಲ್ಲಿ ನೂರಾರು ಹಲ್ಲುಗಳನ್ನು ಮಾಡಿ, ಒಂದೊಂದು ಹಲ್ಲು ಹಾದುಹೋದಾಗಲೂ ಒಂದೊಂದು ಆವರ್ತ ಹುಟ್ಟುವಂತೆ ಮಾಡಬೇಕಾಯಿತು. ಒಂದು ಲೆಕ್ಕವನ್ನು ನೋಡಿ: 300 ಹಲ್ಲುಗಳಿದ್ದರೂ ಚಕ್ರ ನಿಮಿಷಕ್ಕೆ 10,000 ಸುತ್ತು ತಿರುಗಬೇಕು. ಇಂಥ ಯಂತ್ರವನ್ನು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಸ್ವೀಡನ್ ದೇಶದಿಂದ ಬಂದಿದ್ದ ಅರ್ನ್‌ಸ್ಟ್ ಅಲೆಕ್ಸಾಂಡರ್ಸನ್ ಎಂಬ ತರುಣ ಎಂಜಿನಿಯರು ನಿರ್ಮಿಸಿಕೊಟ್ಟರು. ಅದು 1906ರಲ್ಲಿ ಬ್ರಾಂಟ್ ರಾಕಿಗೆ ಬಂದಿತು. ಫೆಸೆಂಡೆನ್ ಅದನ್ನು ತಮ್ಮ ಆವಶ್ಯಕತೆಗೆ ತಕ್ಕಂತೆ ಮಾರ್ಪಡಿಸಿದರು. ಅದರ ಶಕ್ತಿ ಒಂದು ಕಿಲೊವ್ಯಾಟಿಗೂ ಕಡಮೆ. ಇಂದು ಅಡಿಗೆಮನೆಯಲ್ಲಿ ನೀರು ಕಾಯಿಸುವ ವಿದ್ಯುತ್ ಪಾತ್ರೆ ಅದಕ್ಕಿಂತ ಹೆಚ್ಚು ಶಕ್ತಿಯನ್ನು ಬಳಸುತ್ತದೆ.

ಮಾತನ್ನು ತರಂಗದ ಮೇಲೆ ಏರಿಸುವ ವಿಧಾನವೂ ಸರಳವಾಗಿಯೇ ಇತ್ತು. ಇದ್ದಿಲ ಪುಡಿಯ ಮೈಕ್ರೊಫೋನನ್ನು ನೇರವಾಗಿ ಏರಿಯಲ್ ಮಂಡಲದಲ್ಲಿಯೇ ಸೇರಿಸುತ್ತಿದ್ದರು. ಮಾತಿನ ಒತ್ತಡಕ್ಕೆ ಇದ್ದಿಲ ಕಣಗಳು ಅಡಕವಾಗಿಯೂ ಸಡಿಲವಾಗಿಯೂ ಆದಂತೆ ವಿದ್ಯುತ್ ಪ್ರವಾಹ ಏರಿಳಿಯುತ್ತಿತ್ತು. ಗ್ರಾಹಕದ ಕಡೆ ಫೆಸೆಂಡೆನ್ನರೇ ಕಂಡುಹಿಡಿದ ದ್ರವಶೋಧಕವಿತ್ತು: ಆಮ್ಲದ ಮೇಲ್ಮೈಯನ್ನು ಮುಟ್ಟಿಮುಟ್ಟದಂತೆ ನಿಲ್ಲಿಸಿದ ಕೂದಲಿಗಿಂತ ತೆಳುವಾದ ಪ್ಲಾಟಿನಮ್ ತಂತಿ. ಹಳೆಯ ಶೋಧಕಗಳು ತರಂಗ ಬಂದಿತೆ, ಬರಲಿಲ್ಲವೆ ಎಂಬುದನ್ನು ಮಾತ್ರ ತಿಳಿಸಬಲ್ಲವಾಗಿದ್ದವು. ಇದಾದರೋ ತರಂಗ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನೂ ಅನುಸರಿಸಬಲ್ಲುದಾಗಿತ್ತು. ನಿರ್ವಾತ ಕವಾಟಗಳಿಂದ ಧ್ವನಿಯನ್ನು ವರ್ಧಿಸುವ ಉಪಾಯ ಇನ್ನೂ ಬಳಕೆಗೆ ಬಂದಿರಲಿಲ್ಲವಾದ್ದರಿಂದ, ಬಂದಷ್ಟು ಕ್ಷೀಣ ನಾದವನ್ನು ಕಿವಿಗೆ ಒತ್ತಿ ಹಿಡಿದು ಆಲಿಸಬೇಕಾಗಿತ್ತು.

ಇಷ್ಟು ಸಾಧನಗಳೂ ಬ್ರಾಂಟ್ ರಾಕಿನಲ್ಲಿ ಇದ್ದವು ಎಂಬುದರಲ್ಲಿ ಸಂದೇಹವಿಲ್ಲ. ಅವು ಕೆಲಸ ಮಾಡಿದವು ಎಂಬುದರಲ್ಲಿಯೂ ಸಂದೇಹವಿಲ್ಲ. ಏಕೆಂದರೆ 1906ರ ಡಿಸೆಂಬರ್ 21ರಂದು, ಎಂದರೆ ನಮ್ಮ ಕಥೆಯ ಸಂಜೆಗೆ ಮೂರೇ ದಿನ ಮೊದಲು, ಫೆಸೆಂಡೆನ್ ತಜ್ಞರನ್ನು ಆಹ್ವಾನಿಸಿ ಒಂದು ಪ್ರದರ್ಶನವನ್ನು ನಡೆಸಿದರು. ಬ್ರಾಂಟ್ ರಾಕಿನಿಂದ 11 ಮೈಲಿ ದೂರದ ಪ್ಲಿಮತ್ ಎಂಬ ಊರಿಗೆ ಮಾತನ್ನೂ ಫೋನೋಗ್ರಾಫಿನ ಸಂಗೀತವನ್ನೂ ನಿಸ್ತಂತುವಾಗಿ ಕಳುಹಿಸಿ ತೋರಿಸಿದರು. ಬಂದವರು ತಮ್ಮ ಕಿವಿಗಳಿಂದಲೇ ಆಲಿಸಿದರು. ಮರುವರ್ಷದ ಆರಂಭದಲ್ಲಿಯೇ ಅಮೆರಿಕನ್ ಟೆಲಿಫೋನ್ ಜರ್ನಲ್ ಎಂಬ ಪತ್ರಿಕೆ ಇದರ ವಿವರವಾದ ವರದಿಯನ್ನು ಪ್ರಕಟಿಸಿತು. 1908ರಲ್ಲಿ ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ನಿಸ್ತಂತು ಟೆಲಿಫೋನನ್ನು ಕುರಿತು ಓದಿದ ದೀರ್ಘ ಪ್ರಬಂಧದಲ್ಲಿ ಫೆಸೆಂಡೆನ್ನರೂ ಈ ಪ್ರಯೋಗಗಳ ಪ್ರಸ್ತಾಪ ಮಾಡಿದ್ದಾರೆ. ಹೇಳಿದವರುಂಟು, ಕೇಳಿದವರುಂಟು, ಒಡನೆಯೇ ಬರೆದಿಟ್ಟವರೂ ಉಂಟು.

ಈಗ ಡಿಸೆಂಬರ್ 24ರ ಸಂಜೆಗೆ ಬರೋಣ. ಆ ಸಂಜೆಯ ಸಂಗೀತವನ್ನೂ ಮಾತನ್ನೂ ಕುರಿತು ಅಂದಿನ ದಿನಪತ್ರಿಕೆಗಳಲ್ಲಿ ಯಾವ ವರದಿಯೂ ಸಿಕ್ಕಿಲ್ಲ. ಹಡಗುಗಳ ದಿನಚರಿಯಲ್ಲಿ ಯಾವ ಉಲ್ಲೇಖವೂ ಸಿಕ್ಕಿಲ್ಲ. ಬೆರಗಾದರೆನ್ನಲಾದ ಚಾಲಕರಲ್ಲಿ ಒಬ್ಬರ ಕಾಗದವೂ ಸಿಕ್ಕಿಲ್ಲ. 1908ರ ಪ್ರಬಂಧದಲ್ಲಿ ಈ ಸಂಜೆಯ ಸುದ್ದಿಯೇ ಇಲ್ಲ. ಬಹಿರಂಗವಾಗಿ ಇದರ ಉಲ್ಲೇಖ ಬರುವುದು 1928ರಲ್ಲಿ. ವೆಸ್ಟಿಂಗ್‌ಹೌಸ್ ಸಂಸ್ಥೆಯ ಎಚ್. ಪಿ. ಡೇವಿಸ್ ಎಂಬವರು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಭಾಷಣವೊಂದರಲ್ಲಿ ಒಂದು ವಾಕ್ಯವಾಗಿ. ಹ್ಯಾಂಡೆಲ್, ಪಿಟೀಲು, ಬೈಬಲ್ ಮುಂತಾದ ವಿವರಗಳೆಲ್ಲ ಬರುವುದು 1932ರ ಜನವರಿ 29ರಂದು ಫೆಸೆಂಡೆನ್ ತಮ್ಮ ಹಳೆಯ ಸಹೋದ್ಯೋಗಿ ಕಿಂಟ್ನರ್ ಅವರಿಗೆ ಬರೆದ ಕಾಗದದಲ್ಲಿ. ಆಗ ಇಪ್ಪತ್ತೈದು ವರ್ಷಗಳು ಕಳೆದಿದ್ದವು. ಅದೇ ವರ್ಷ ಜುಲೈ ತಿಂಗಳಲ್ಲಿ ಫೆಸೆಂಡೆನ್ ಬರ್ಮುಡಾ ದ್ವೀಪದಲ್ಲಿ ತೀರಿಕೊಂಡರು. ವರ್ಷದ ಕೊನೆಯಲ್ಲಿ ಕಿಂಟ್ನರ್ ಈ ವಿವರಗಳನ್ನು ಪ್ರಕಟಿಸಿದರು. 1940ರಲ್ಲಿ ಫೆಸೆಂಡೆನ್ನರ ಪತ್ನಿ ಹೆಲೆನ್ ಬರೆದ ಜೀವನಚರಿತ್ರೆಯಿಂದ ಕಥೆ ಜನಪ್ರಿಯವಾಯಿತು. ಅಲ್ಲಿಂದ ಮುಂದೆ ಪುಸ್ತಕದಿಂದ ಪುಸ್ತಕಕ್ಕೆ ಹರಿದು ನಮ್ಮ ತರಗತಿಯವರೆಗೂ ಬಂದಿತು.

2006ರಲ್ಲಿ ಆ ಸಂಜೆಯ ನೂರು ವರ್ಷ ತುಂಬುವ ಸಂದರ್ಭದಲ್ಲಿ ಕೆಲವು ಸಂಶೋಧಕರು ಈ ವಿಷಯವನ್ನು ಮತ್ತೆ ಕೆದಕಿದರು. ಜೇಮ್ಸ್ ಒನೀಲ್ ಎಂಬವರು ಹಳೆಯ ದಾಖಲೆಗಳನ್ನು ಹುಡುಕಿಸಿ, ಆಧಾರ ದೊರೆಯಲಿಲ್ಲವೆಂದು ಬರೆದರು. ಡಾನಾ ಹಾಲ್ಪರ್ ಮತ್ತು ಕ್ರಿಸ್ಟೋಫರ್ ಸ್ಟರ್ಲಿಂಗ್ ಎಂಬ ಇಬ್ಬರು ಇತಿಹಾಸಕಾರರು ಎರಡೂ ಪಕ್ಷಗಳನ್ನು ತೂಗಿ ನೋಡಿದರು. ಅವರ ಪ್ರಶ್ನೆಗಳೊಡನೆ ಭೌತವಿಜ್ಞಾನದ ವಿದ್ಯಾರ್ಥಿ ತನ್ನದೊಂದನ್ನೂ ಸೇರಿಸಬಹುದು. ಸೆಕೆಂಡಿಗೆ 50,000 ಆವರ್ತಗಳ ತರಂಗದ ಉದ್ದ 6,000 ಮೀಟರ್. ಆಗಿನ ಹಡಗುಗಳ ಸಾಮಾನ್ಯ ಗ್ರಾಹಕಗಳು ಕೆಲವೇ ನೂರು ಮೀಟರ್ ಉದ್ದದ ತರಂಗಗಳಿಗೆ ಶ್ರುತಿಗೊಂಡಿರುತ್ತಿದ್ದವು. ಆದ್ದರಿಂದ ಯಾವುದೋ ಹಡಗಿನ ಚಾಲಕ ಆಕಸ್ಮಿಕವಾಗಿ ಈ ಸಂಗೀತವನ್ನು ಕೇಳಿ ಚಕಿತನಾದನೆಂಬ ಚಿತ್ರ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಫೆಸೆಂಡೆನ್ನರ ಸಲಕರಣೆಯನ್ನೇ ಹೊಂದಿದ್ದ ಹಡಗುಗಳಿಗೆ ಮೂರು ದಿನ ಮುಂಚಿತವಾಗಿ ತಿಳಿಸಲಾಗಿತ್ತು ಎನ್ನುತ್ತದೆ ಹೆಲೆನ್ ಅವರ ಪುಸ್ತಕ. ಹಾಗಿದ್ದ ಪಕ್ಷದಲ್ಲಿ ಕೇಳಲು ಸಾಧ್ಯವಿತ್ತು. ಆದರೆ ಮೊದಲೇ ತಿಳಿದು ಕಾದಿದ್ದವರು ಒಂದು ಸಾಲನ್ನೂ ಬರೆದಿಡಲಿಲ್ಲವೇಕೆ ಎಂಬ ಪ್ರಶ್ನೆ ಇನ್ನೂ ಬಲವಾಗುತ್ತದೆ.

ನೆನಪು ಎಂಥ ಸಾಕ್ಷಿ ಎಂಬುದಕ್ಕೆ ಆ ಕಾಗದದಲ್ಲಿಯೇ ಒಂದು ನಿದರ್ಶನವಿದೆ. ಪಿಟೀಲಿನಲ್ಲಿ ನುಡಿಸಿದ ಗೀತೆಯನ್ನು ಫೆಸೆಂಡೆನ್ ‘ಓ ಹೋಲಿ ನೈಟ್’ ಎಂದು ಕರೆದು, ಅದನ್ನು ಗುನೋ ಎಂಬ ಫ್ರೆಂಚ್ ಸಂಗೀತಕಾರನದೆಂದು ಬರೆದಿದ್ದಾರೆ. ಆದರೆ ಆ ಹೆಸರಿನಿಂದ ಪ್ರಸಿದ್ಧವಾದ ಗೀತೆಗೆ 1847ರಲ್ಲಿ ರಾಗ ಸಂಯೋಜಿಸಿದವನು ಅಡಾಲ್ಫ್ ಆಡಾಂ. ಗುನೋವಿನ ಬೇರೊಂದು ಗೀತೆಯೊಡನೆ ಅದು ಅವರ ಮನಸ್ಸಿನಲ್ಲಿ ಬೆರೆತಿರಬಹುದೆಂದು ಊಹಿಸುವವರಿದ್ದಾರೆ. ಇದು ಅಪರಾಧವೇನಲ್ಲ; ಇಪ್ಪತ್ತೈದು ವರ್ಷದ ಹಿಂದಿನ ಹಬ್ಬದಲ್ಲಿ ಯಾರು ಯಾವ ಹಾಡು ಹಾಡಿದರೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು? ಆದರೆ ಹಾಡು ಬೆರೆತುಹೋಗಬಹುದಾದರೆ ದಿನಾಂಕವೂ ಬೆರೆತುಹೋಗಬಹುದು. 21ರ ಪ್ರದರ್ಶನವೂ ಅನಂತರದ ಯಾವುದೋ ಪ್ರಯೋಗಗಳೂ ಹಬ್ಬದ ರಾತ್ರಿಯೊಡನೆ ಒಂದಾಗಿರಬಹುದು.

ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಹೇಳಬೇಕು. ಆಧಾರ ಸಿಗಲಿಲ್ಲವೆಂದ ಮಾತ್ರಕ್ಕೆ ಘಟನೆ ನಡೆಯಲಿಲ್ಲವೆಂದು ಹೇಳಲಾಗದು. ಅಂದಿನ ಹಡಗಿನ ಕಾಗದಪತ್ರಗಳು ಬಹುಪಾಲು ಉಳಿದಿಲ್ಲ. 21ರಂದು ಸರಿಯಾಗಿ ನಡೆದ ಯಂತ್ರವನ್ನು ಹಬ್ಬದ ಹಿಂದಿನ ರಾತ್ರಿ ವಿನೋದಕ್ಕಾಗಿ ಮತ್ತೊಮ್ಮೆ ನಡೆಸಿರುವುದು ತೀರ ಸಹಜ. ಮೌನಕ್ಕೂ ಒಂದು ಕಾರಣವನ್ನು ಊಹಿಸಬಹುದು. ಫೆಸೆಂಡೆನ್ನರ ಸಂಸ್ಥೆ ಮಾರಬೇಕೆಂದಿದ್ದುದು ಇಲ್ಲಿಂದ ಅಲ್ಲಿಗೆ, ಒಬ್ಬರಿಂದ ಇನ್ನೊಬ್ಬರಿಗೆ ಮಾತನ್ನು ಮುಟ್ಟಿಸುವ ನಿಸ್ತಂತು ಟೆಲಿಫೋನನ್ನು. ಅಂಥ ವ್ಯವಹಾರದಲ್ಲಿ ಮಾತು ಎಲ್ಲರಿಗೂ ಕೇಳಿಸುವುದು ಗುಣವಲ್ಲ, ದೋಷ, ಗುಟ್ಟು ಉಳಿಯುವುದಿಲ್ಲವಷ್ಟೆ. ಎಲ್ಲರಿಗೂ ಕೇಳಿಸುವುದೇ ಒಂದು ಸೇವೆಯಾಗಬಲ್ಲುದು ಎಂಬುದು ಜನಕ್ಕೆ ಅರಿವಾದದ್ದು 1920ರ ದಶಕದಲ್ಲಿ. ಅಲ್ಲಿಯವರೆಗೆ ಆ ಸಂಜೆಗೆ ಬೆಲೆಯೇ ಇರಲಿಲ್ಲವಾಗಿ ಯಾರೂ ಅದನ್ನು ನೆನೆಯಲಿಲ್ಲ ಎಂದು ವಾದಿಸಬಹುದು. ಈ ವಾದದಲ್ಲಿ ಹುರುಳಿದೆ.

ಹಾಗಾದರೆ ನಾವು ಏನನ್ನು ನಂಬಬೇಕು? ನಮ್ಮ ದೇಶದ ತಾರ್ಕಿಕರು ಜ್ಞಾನಕ್ಕೆ ಪ್ರಮಾಣಗಳೆಂದು ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ ಮುಂತಾದವನ್ನು ಹೇಳಿದ್ದಾರೆ. 21ರ ಪ್ರದರ್ಶನಕ್ಕೆ ಹಲವರ ಪ್ರತ್ಯಕ್ಷವುಂಟು. 24ರ ಸಂಜೆ ನಡೆದಿರಬಹುದೆಂಬ ಅನುಮಾನಕ್ಕೆ ಯಂತ್ರವು ಸಿದ್ಧವಾಗಿದ್ದುದೇ ಆಧಾರ. ನಡೆಯಿತು ಎಂಬುದಕ್ಕೆ ಇರುವುದು ಆಪ್ತವಾಕ್ಯ ಮಾತ್ರ. ಅದೂ ಆ ಕೀರ್ತಿಗೆ ಪಾತ್ರರಾಗುವವರದೇ ವಾಕ್ಯ. ಆದುದರಿಂದ ‘ಸಾಧ್ಯ’ವೆನ್ನೋಣ, ಉದಾರವಾಗಿ ‘ಸಂಭವನೀಯ’ವೆನ್ನೋಣ, ‘ಸಿದ್ಧ’ವಾಯಿತೆಂದು ಮಾತ್ರ ಹೇಳದಿರೋಣ. ಫೆಸೆಂಡೆನ್ ಸುಳ್ಳಾಡಿದರೆಂದು ನಾವು ಹೇಳುತ್ತಿಲ್ಲ. ಒಬ್ಬರ ಮಾತನ್ನು ಸುಳ್ಳೆನ್ನುವುದು ಬೇರೆ, ಇನ್ನೂ ಪ್ರಮಾಣ ಸಾಲದೆನ್ನುವುದು ಬೇರೆ. ಈ ವ್ಯತ್ಯಾಸವನ್ನು ತಿಳಿಯದೆ ವಿಜ್ಞಾನವನ್ನು ಕಲಿತೆವೆಂದು ಹೇಳಿಕೊಳ್ಳುವಂತಿಲ್ಲ.

ಸಂದೇಹವನ್ನು ಅವಮಾನವೆಂದು ತಿಳಿಯದೆ ಅದಕ್ಕೆ ಪ್ರಮಾಣದಿಂದ ಉತ್ತರ ಕೊಟ್ಟ ಉದಾಹರಣೆಯೂ ರೇಡಿಯೋದ ಚರಿತ್ರೆಯಲ್ಲಿಯೇ ಇದೆ. 1901ರ ಡಿಸೆಂಬರ್ 12ರಂದು ಮಾರ್ಕೋನಿ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕುಳಿತು, ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದ ಮೂರು ಚುಕ್ಕೆಗಳ ಸಂಕೇತವನ್ನು ಕೇಳಿದೆನೆಂದು ಪ್ರಕಟಿಸಿದರು. ಕೇಳಿದವರು ಅವರೂ ಅವರ ಸಹಾಯಕ ಕೆಂಪ್ ಎಂಬವರೂ ಇಬ್ಬರೇ. ಕಿವಿಯ ಹೊರತು ಬೇರೆ ದಾಖಲೆಯಿರಲಿಲ್ಲ. ಹಲವರು ನಂಬಲಿಲ್ಲ. ಮಾರ್ಕೋನಿ 1902ರ ಫೆಬ್ರವರಿಯಲ್ಲಿ ‘ಫಿಲಡೆಲ್ಫಿಯ’ ಎಂಬ ಹಡಗನ್ನೇರಿ ಹೊರಟು, ದಿನದಿನವೂ ದೂರ ಬೆಳೆದಂತೆ ಬರುತ್ತಿದ್ದ ಸಂಕೇತಗಳನ್ನು ಕಾಗದದ ಪಟ್ಟಿಯ ಮೇಲೆ ಮುದ್ರಿಸಿಕೊಂಡು, ಹಡಗಿನ ಅಧಿಕಾರಿಗಳ ಸಾಕ್ಷ್ಯವನ್ನು ಪಡೆದುಕೊಂಡರು. 1,500 ಮೈಲಿಗೂ ಹೆಚ್ಚು ದೂರದಿಂದ ಬಂದ ಸಂದೇಶ ಆ ಪಟ್ಟಿಯ ಮೇಲೆ ದಾಖಲಾಯಿತು. 1901ರ ಘಟನೆಯನ್ನು ಕುರಿತು ಇಂದಿಗೂ ಚರ್ಚೆಯುಂಟು. 1902ರ ಪಟ್ಟಿಯನ್ನು ಕುರಿತು ಅಂಥ ಚರ್ಚೆಯಿಲ್ಲ.

ಕೇಳಿದವರುಳ್ಳ ಸಂಜೆ ಹೇಗಿರುತ್ತದೆಂಬುದಕ್ಕೂ ಒಂದು ಉದಾಹರಣೆ ಕೊಡಬಹುದು. 1920ರ ಜೂನ್ 15ರಂದು ಇಂಗ್ಲೆಂಡಿನ ಚೆಮ್ಸ್‌ಫರ್ಡಿನಲ್ಲಿದ್ದ ಮಾರ್ಕೋನಿ ಕಾರ್ಖಾನೆಯಿಂದ ನೆಲ್ಲಿ ಮೆಲ್ಬಾ ಎಂಬ ಆಸ್ಟ್ರೇಲಿಯದ ಪ್ರಖ್ಯಾತ ಗಾಯಕಿ ಹಾಡಿದರು. ಡೈಲಿ ಮೇಲ್ ಪತ್ರಿಕೆ ಅದನ್ನು ಏರ್ಪಡಿಸಿತ್ತು. ಪ್ರೇಷಕದ ಶಕ್ತಿ 15 ಕಿಲೊವ್ಯಾಟ್. ಯೂರೋಪಿನ ಹಲವು ದೇಶಗಳಲ್ಲಿ ಅದನ್ನು ಕೇಳಿದವರು ತಿಳಿಸಿದರು, ಪತ್ರಿಕೆಗಳು ಬರೆದವು. ಫೆಸೆಂಡೆನ್ ಪಿಟೀಲು ಬಾರಿಸಿದ್ದರೋ ಇಲ್ಲವೋ, ಮೆಲ್ಬಾ ಹಾಡಿದ್ದಂತೂ ನಿಜ. ಬಾನುಲಿ ಪ್ರಸಾರಕ್ಕೆ ಎರಡು ತುದಿಗಳಿವೆ. ಒಂದು ತುದಿಯಲ್ಲಿ ಯಂತ್ರ ನಡೆದರೆ ಅರ್ಧ ಕೆಲಸವಾಯಿತು. ಇನ್ನೊಂದು ತುದಿಯಲ್ಲಿ ಒಂದು ಕಿವಿಯಿದ್ದರೆ ಪೂರ್ತಿಯಾಯಿತು.

ಇದೆಲ್ಲ ದೂರದೇಶದ ವ್ಯಾಜ್ಯ, ನಮಗೇಕೆ ಎಂದು ವಾಚಕರು ಭಾವಿಸಬಾರದು. ಇದೇ ಅಳತೆಗೋಲನ್ನು ನಮ್ಮವರಿಗೂ ಹಿಡಿಯಬೇಕಾಗುತ್ತದೆ. ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ನಿಸ್ತಂತು ತರಂಗಗಳಿಂದ ದೂರದ ಗಂಟೆಯನ್ನು ಬಾರಿಸಿ, ಮದ್ದಿನ ಪುಡಿಯನ್ನು ಹೊತ್ತಿಸಿ ತೋರಿಸಿದ ಪ್ರಯೋಗ ಎಲ್ಲರಿಗೂ ಪ್ರಿಯವಾದುದು. ಅದರ ವರ್ಷವನ್ನು ಕೆಲವು ಪುಸ್ತಕಗಳು 1894 ಎಂದೂ ಕೆಲವು 1895 ಎಂದೂ ಹೇಳುತ್ತವೆ. ಆ ಒಂದು ಪ್ರಯೋಗದ ಆಧಾರದ ಮೇಲೆ ‘ರೇಡಿಯೋವನ್ನು ಕಂಡುಹಿಡಿದವರು ಬೋಸರೇ’ ಎಂದು ಉತ್ಸಾಹದಿಂದ ಸಾರುವವರಿದ್ದಾರೆ. ಅಂಥ ಉತ್ಸಾಹ ಬೋಸರಿಗೆ ಬೇಕಿಲ್ಲ. ಕೆಲವೇ ಮಿಲಿಮೀಟರ್ ಉದ್ದದ ತರಂಗಗಳ ಮೇಲೆ ಅವರು ನಡೆಸಿದ ಶೋಧನೆಗಳೂ, 1899ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದ ತರಂಗಶೋಧಕಗಳ ಪ್ರಬಂಧವೂ ಅಚ್ಚಾಗಿ ಕಣ್ಣ ಮುಂದಿವೆ. ಇರುವ ಚಿನ್ನವನ್ನು ಬಿಟ್ಟು ಗಿಲೀಟನ್ನು ಮೆರೆಸುವುದೇಕೆ?

ಇನ್ನೂ ಹತ್ತಿರಕ್ಕೆ ಬಂದರೆ ನಮ್ಮ ಮೈಸೂರು. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರೇಷಕವನ್ನಿಟ್ಟು ಪ್ರಸಾರವನ್ನು ಆರಂಭಿಸಿದರು. ಸಂಗೀತ, ಉಪನ್ಯಾಸಗಳು ಆ ಮನೆಯಿಂದ ಊರಿನ ಮೇಲೆ ಹರಡಿದವು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರಕ್ಕೆ ಬಂದಿತು. 1950ರ ದಶಕದಲ್ಲಿ ಅದು ಇಡೀ ದೇಶದ ಬಾನುಲಿಯ ಹೆಸರಾಯಿತು. ಇದು ನಮಗೆ ಹೆಮ್ಮೆಯ ವಿಷಯ. ಆದರೆ ಆ ಹೆಸರನ್ನು ಸೂಚಿಸಿದವರು ಯಾರು? ಗೋಪಾಲಸ್ವಾಮಿಯವರೇ ಎನ್ನುವವರುಂಟು, ನಾ. ಕಸ್ತೂರಿಯವರು ಎನ್ನುವವರೂ ಉಂಟು. ಬ್ರಾಂಟ್ ರಾಕ್ ದೂರ, ಕಾಲವೂ ದೂರ. ಮೈಸೂರಿನದು ನಮ್ಮ ಅಜ್ಜಂದಿರು ಕೇಳಿದ ಪ್ರಸಾರ. ಅದರಲ್ಲಿಯೂ ಎರಡು ಮಾತು ಹುಟ್ಟಿಕೊಂಡಿವೆ. ಕೇಳಿದವರು ಕೇಳಿದಾಗಲೇ ಬರೆದಿಡದಿದ್ದರೆ ಹೀಗಾಗುತ್ತದೆ.

ಈ ಕಾರಣದಿಂದ ನಮ್ಮದು ಎರಡು ಸೂಚನೆಗಳು. ಮೊದಲನೆಯದು ಪಾಠ ಹೇಳುವ ನಮ್ಮಂಥವರಿಗೆ. ‘ರೇಡಿಯೋ ಪ್ರಸಾರವನ್ನು ಮೊತ್ತಮೊದಲು ನಡೆಸಿದವರು ಯಾರು, ಎಂದು?’ ಎಂಬ ಒಂದು ಅಂಕದ ಪ್ರಶ್ನೆಯನ್ನು ನಾವು ಕೈಬಿಡಬೇಕು. ಅದಕ್ಕೆ ಬರೆಯುವ ಒಂದು ಸಾಲಿನ ಉತ್ತರದಲ್ಲಿ ಕಿಡಿಯಿಲ್ಲ, ತರಂಗವಿಲ್ಲ, ಪ್ರಮಾಣವಿಲ್ಲ. ಹೆಸರೊಂದು, ದಿನಾಂಕವೊಂದು, ಅಷ್ಟೆ. ಬದಲಾಗಿ ‘ಕಿಡಿಯ ಪ್ರೇಷಕದಿಂದ ಮಾತನ್ನು ಕಳುಹಿಸುವುದು ಏಕೆ ಕಷ್ಟ?’ ಎಂದು ಕೇಳೋಣ. ‘1906ರ ಡಿಸೆಂಬರ್ 21 ಮತ್ತು 24ರ ಘಟನೆಗಳಿಗೆ ಇರುವ ಆಧಾರಗಳನ್ನು ಹೋಲಿಸಿರಿ’ ಎಂದು ಕೇಳೋಣ. ಆಗ ವಿದ್ಯಾರ್ಥಿ ಯೋಚಿಸಬೇಕಾಗುತ್ತದೆ. ಉತ್ತರ ತಿದ್ದುವ ನಾವೂ ಯೋಚಿಸಬೇಕಾಗುತ್ತದೆ.

ಎರಡನೆಯದು ವಿದ್ಯಾರ್ಥಿಮಿತ್ರರಿಗೆ. ಊರ ಚಾವಡಿಯಲ್ಲಿ ಇಟ್ಟಿದ್ದ ಪಂಚಾಯಿತಿ ರೇಡಿಯೋದ ಮುಂದೆ ಹುಡುಗರಾಗಿ ಕುಳಿತವರು, ಕವಾಟದ ರೇಡಿಯೋ ಬಿಸಿಯಾಗಿ ದನಿ ಬರುವವರೆಗೆ ಕಾದವರು, ಇಂದಿಗೂ ನಮ್ಮ ಮನೆಗಳಲ್ಲಿದ್ದಾರೆ. ರಜೆಯಲ್ಲಿ ಊರಿಗೆ ಹೋದಾಗ ಒಂದು ಸಂಜೆ ಅವರ ಬಳಿ ಕುಳಿತು ಕೇಳಿರಿ. ಯಾವ ಊರು, ಯಾವ ವರ್ಷ, ಯಾರ ಮನೆಯ ಯಂತ್ರ, ಯಾವ ನಿಲಯ, ಏನು ಕೇಳಿಸಿತು ಎಂಬುದನ್ನು ಬರೆದುಕೊಳ್ಳಿರಿ. ಅವರು ತಾವೇ ಕೇಳಿದ್ದಾವುದು, ಇತರರಿಂದ ಕೇಳಿದ್ದಾವುದು ಎಂಬುದನ್ನು ಬೇರೆಬೇರೆಯಾಗಿ ಗುರುತಿಸಿರಿ. ಬರೆದ ದಿನಾಂಕವನ್ನು ಹಾಕಿರಿ. ಹಳೆಯ ರೇಡಿಯೋ ಲೈಸೆನ್ಸಿನ ಪುಸ್ತಕವೇನಾದರೂ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅದನ್ನು ಜೋಪಾನ ಮಾಡಿರಿ. ಇದಕ್ಕೆ ಪ್ರಯೋಗಶಾಲೆ ಬೇಡ. ಒಂದು ನೋಟುಪುಸ್ತಕ ಸಾಕು.

ಬ್ರಾಂಟ್ ರಾಕಿನ ಕಥೆಯನ್ನು ನಾವು ತರಗತಿಯಲ್ಲಿ ಬಿಟ್ಟಿಲ್ಲ, ಈಗಲೂ ಹೇಳುತ್ತೇವೆ. 21ರ ಪ್ರದರ್ಶನವನ್ನು ಮೊದಲು ಹೇಳಿ, 24ರ ಸಂಜೆಯನ್ನು ‘ಫೆಸೆಂಡೆನ್ನರು 1932ರಲ್ಲಿ ಹೀಗೆ ಬರೆದರು’ ಎಂದು ಆರಂಭಿಸುತ್ತೇವೆ. ಪಿಟೀಲಿನ ಮಾತು ಬಂದಾಗ ತರಗತಿ ಮೊದಲಿನಂತೆಯೇ ನಿಶ್ಶಬ್ದವಾಗುತ್ತದೆ. ಹಿಂದಿನ ಬೆಂಚಿನ ಆ ಹುಡುಗಿ ಕೇಳಿದ ಪ್ರಶ್ನೆಯನ್ನೂ ಹೇಳಿ, ಮುಂದಿನ ಪಾಠಕ್ಕೆ ಹೋಗುತ್ತೇವೆ.